ಬೀಜ ಬೇರೆ, ಬೀಜ ಒಡೆಯೋದು ಬೇರೆ

ಈ ವಿಷಯದ ಮೇಲೆ ಬರೀತೀನಿ ಅಂದಾಗ ವಾಚನಾಲಯದ ಹುಡುಗರು ಬಾಯಿಗೆ ಟವಲ್ ಅಡ್ಡ ಹಿಡಿದು ನಕ್ಕರು. ನಗಲಿ. ಅವರ ವಯಸ್ಸಿನಲ್ಲಿ ನಾನೂ ನಕ್ಕವನೇ. ಬರೀ ನಕ್ಕವನಲ್ಲ, ಊರನ್ನೆಲ್ಲ ನಗಿಸಿದವನು. ಆ ನಗು ನಮ್ಮ ಮನೆಯಲ್ಲಿ ಏನು ಮಾಡಿತು ಅನ್ನೋದನ್ನು ಹೇಳಿಬಿಡಬೇಕು ಅಂತಲೇ ಇದನ್ನು ಬರೆಯೋಕೆ ಕೂತಿದ್ದೀನಿ.

ನಮ್ಮ ದೊಡ್ಡಪ್ಪ ಗೂಡಲೂರಿನಲ್ಲಿ ನಲವತ್ತು ವರ್ಷ ಹೋರಿಗಳಿಗೆ ಬೀಜ ಒಡೆದವರು. ಸುತ್ತ ಹತ್ತು ಊರಿನಿಂದ ಜನ ಹೋರಿ ಹಿಡಿದುಕೊಂಡು ಬರೋರು. ಅವರ ಕೈಯಲ್ಲಿ ಆದ ಎತ್ತು ಸೊರಗಲ್ಲ, ಹುಣ್ಣಾಗಲ್ಲ ಅಂತ ಹೆಸರು. ಎಪ್ಪತ್ತು ದಾಟಿದ ಮೇಲೆ ಅವರಿಗೆ ಮೂತ್ರ ಕಟ್ಟಿತು, ಸೊಂಟ ನೋವು ಬಂತು. ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಅನ್ನೋ ಗ್ರಂಥಿಯಲ್ಲಿ ಕ್ಯಾನ್ಸರ್, ಮೂಳೆಗೂ ಹರಡಿದೆ ಅಂದರು. ‘ಎರಡು ಬೀಜವನ್ನೂ ತೆಗೀಬೇಕು’ ಅಂತ ಒಂದೇ ಮಾತು ಹೇಳಿ ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ದೊಡ್ಡಪ್ಪ ಎದ್ದು ವೇಷ್ಟಿ ಬಿಗಿದು ಕಟ್ಟಿಕೊಂಡರು. ‘ಬಾ ಮಗ, ಬಸ್ಸಿಗೆ ಹೊತ್ತಾಯ್ತು’ ಅಂದರು. ದಾರಿಯಲ್ಲಿ ಅಂದಿದ್ದು ಇಷ್ಟೇ: ‘ಊರ ಹೋರಿಗಳನ್ನೆಲ್ಲ ಎತ್ತು ಮಾಡಿದವನು ನಾನು. ಈ ವಯಸ್ಸಿಗೆ ನನ್ನನ್ನೇ ಎತ್ತು ಮಾಡ್ತಾರಂತೆ.’ ಆಮೇಲೆ ಹದಿನಾಲ್ಕು ತಿಂಗಳು ಬದುಕಿದ್ದರು. ಕೊನೆಯ ಆರು ತಿಂಗಳು ಮೂಳೆ ನೋವಿನಿಂದ ಮಲಗೋಕೂ ಆಗದೆ ಗೋಡೆಗೆ ಒರಗಿ ಕೂತೇ ರಾತ್ರಿ ಕಳೆದರು. ಆಪರೇಷನ್ ಮಾಡಿಸಿದ್ದರೆ ಬದುಕೇ ಬಿಡ್ತಿದ್ದರು ಅಂತ ನಾನು ಹೇಳಲ್ಲ. ಆ ನೋವು ಮಾತ್ರ ಅಷ್ಟು ಇರುತ್ತಿರಲಿಲ್ಲ ಅಂತ ಆಮೇಲೆ ತಿಳಿದವರು ಹೇಳಿದರು.

ಅವರು ಹೋದ ಮೇಲೆ ನಾನು ಕೇಳಿದ್ದು, ಓದಿದ್ದು, ಕಣ್ಣಲ್ಲಿ ಕಂಡಿದ್ದು ಎಲ್ಲ ಒಂದು ಮಾತಿಗೆ ಬಂದು ನಿಲ್ಲುತ್ತೆ. ಬೀಜ ಅನ್ನೋದು ದೇವರು ಕೊಟ್ಟ ಒಂದು ಅಂಗ. ಬೀಜ ಒಡೆಯೋದು, ತೆಗೆಯೋದು ಮನುಷ್ಯ ಮಾಡುವ ಒಂದು ಕೆಲಸ. ಅಂಗ ಬೇರೆ, ಕೆಲಸ ಬೇರೆ. ಆ ಕೆಲಸದಲ್ಲೂ ನಾಲ್ಕಾರು ಬಗೆ ಇದೆ, ಒಂದೊಂದರ ಫಲ ಒಂದೊಂದು. ನಾವು ಎಲ್ಲವನ್ನೂ ಒಂದೇ ಮಾತಿನ ಗಂಟಲ್ಲಿ ಕಟ್ಟಿಬಿಟ್ಟೆವು. ಆ ಗಂಟನ್ನು ಬಿಚ್ಚೋದೇ ಈ ಬರಹ.

ಮೊದಲು ಮಾತನ್ನೇ ನೋಡಿ. ಕನ್ನಡದಲ್ಲಿ ಬೀಜ ಅಂತೀವಿ, ತರಡು ಅಂತೀವಿ, ಪುಸ್ತಕದಲ್ಲಿ ವೃಷಣ ಅಂತ ಬರೀತಾರೆ. ಅದು ವಸ್ತುವಿನ ಹೆಸರು. ‘ಬೀಜ ಒಡೆಸಿದರು’ ಅಂದರೆ ಕೆಲಸದ ಹೆಸರು. ಸುತ್ತಲಿನ ತಮಿಳರು ‘ಕಾಯಡಿ’ ಅಂತಾರೆ, ಅಂದರೆ ಕಾಯಿಗೆ ಹೊಡೆಯೋದು. ಎರಡು ಭಾಷೆಯಲ್ಲೂ ಒಡೆಯೋದು, ಹೊಡೆಯೋದು ಅಂತಲೇ ಇದೆ, ಕೊಯ್ಯೋದು ಅಂತ ಇಲ್ಲ. ಯಾಕೆ ಅಂದರೆ ನಮ್ಮ ಹಿರಿಯರು ಹೋರಿಯ ಬೀಜವನ್ನು ಕೊಯ್ದು ಹೊರಗೆ ತೆಗೀತಿರಲಿಲ್ಲ. ಚೀಲದೊಳಗೇ ಜಜ್ಜಿ ಬಿಡ್ತಿದ್ದರು.

ಇದು ನಿನ್ನೆ ಮೊನ್ನೆಯ ಕೆಲಸ ಅಲ್ಲ. ಅಶೋಕ ಚಕ್ರವರ್ತಿ 2,200 ವರ್ಷಕ್ಕೂ ಹಿಂದೆ ಕಂಬದ ಮೇಲೆ ಕೆತ್ತಿಸಿದ ಐದನೇ ಶಾಸನದಲ್ಲಿ ಇದರ ಮಾತಿದೆ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆ, ಪುಷ್ಯ ಪುನರ್ವಸು ನಕ್ಷತ್ರದ ದಿನ, ಹಬ್ಬದ ದಿನಗಳಲ್ಲಿ ಹೋರಿ, ಹೋತ, ಟಗರು, ಹಂದಿಗಳ ಬೀಜ ಒಡೆಯಬಾರದು ಅಂತ ಆಜ್ಞೆ. ಹುಂಜಗಳಿಗಂತೂ ಮಾಡಲೇ ಬಾರದು ಅಂತ. ದಿನ ಗೊತ್ತು ಮಾಡಿ ನಿಲ್ಲಿಸಬೇಕು ಅಂದರೆ ಅದು ಮನೆ ಮನೆಯಲ್ಲೂ ನಡೀತಿದ್ದ ಕೆಲಸವೇ ಇರಬೇಕು. ನಮ್ಮ ದೊಡ್ಡಪ್ಪನೂ ಅಮಾವಾಸ್ಯೆ, ಹುಣ್ಣಿಮೆ ದಿನ ಹೋರಿ ಮುಟ್ಟುತ್ತಿರಲಿಲ್ಲ. ಅಶೋಕನ ಹೆಸರು ಅವರು ಕೇಳಿದ್ದರೋ ಇಲ್ಲವೋ.

ನಮ್ಮ ಕಣಿವೆಗೆ ಬರೋಣ. ಕಂಬಂ ಕಣಿವೆಯಲ್ಲಿ ಕನ್ನಡ ಮಾತಾಡುವ ಒಕ್ಕಲು ಮಕ್ಕಳು, ಕಾಪ್ಪಿಲಿಯರ್ ಅಂತ ಕರೆಸಿಕೊಳ್ಳೋರು, ಕನ್ನಡ ಸೀಮೆಯಿಂದ ಬರುವಾಗ ದನಗಳನ್ನು ಹೊಡೆದುಕೊಂಡೇ ಬಂದರು ಅಂತ ಹಿರಿಯರ ಮಾತು. ಆ ಮಂದೆ ಇವತ್ತಿಗೂ ಕಂಬಂನಲ್ಲಿದೆ. ಕನ್ನಡದಲ್ಲಿ ‘ದೇವರ ಆವು’, ತಮಿಳಿನಲ್ಲಿ ‘ತಂಬಿರಾನ್ ಮಾಡು’. 1906ರಲ್ಲಿ ಡಬ್ಲ್ಯೂ. ಫ್ರಾನ್ಸಿಸ್ ಅನ್ನೋ ಅಧಿಕಾರಿ ಬರೆದ ಮದುರೆ ಜಿಲ್ಲೆಯ ಗೆಜೆಟಿಯರಿನಲ್ಲೂ, 1909ರಲ್ಲಿ ಥರ್ಸ್ಟನ್ ಮತ್ತು ರಂಗಾಚಾರಿ ಹೊರತಂದ ಜಾತಿಗಳ ಪುಸ್ತಕದಲ್ಲೂ ಈ ಮಂದೆಯ ಮಾತು ಬಂದಿದೆ. ಮಂದೆಗೆ ಒಬ್ಬ ರಾಜ ಉಂಟು, ಪಟ್ಟದ ಗೂಳಿ. ಅದು ತೀರಿಕೊಂಡರೆ ಮಂದೆಯನ್ನೆಲ್ಲ ಒಂದು ಕಡೆ ಸೇರಿಸಿ, ಕರ್ಪೂರ ಹಚ್ಚಿ, ಹಣ್ಣು ಕಾಯಿ ಇಟ್ಟು, ಒಂದು ಕಟ್ಟು ಕಬ್ಬನ್ನು ಮುಂದೆ ಇಡ್ತಾರೆ. ಯಾವ ಗೂಳಿ ಮೊದಲು ಬಂದು ಕಬ್ಬಿಗೆ ಬಾಯಿ ಹಾಕುತ್ತೋ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಹಾರ ಹಾಕಿ ಪಟ್ಟ ಕಟ್ತಾರೆ. ಆವತ್ತಿಂದ ಅದು ನಂದಗೋಪಾಲ ಸ್ವಾಮಿ.

ಪಟ್ಟದ ಗೂಳಿಯ ಬೀಜಕ್ಕೆ ಯಾರೂ ಕೈ ಹಾಕಲ್ಲ. ಅದು ಮಂದೆಯ ನಾಳೆ. ಹೊಲದ ಹೋರಿಗೆ ಹಾಗಲ್ಲ. ಎರಡು ಹೋರಿಗಳನ್ನು ಒಂದೇ ನೊಗಕ್ಕೆ ಕಟ್ಟಿ ನೋಡಿದವರಿಗೆ ಗೊತ್ತು. ಒಂದು ಹಸು ದಾರಿಯಲ್ಲಿ ಹೋದರೆ ಸಾಕು, ನೇಗಿಲು ಒಂದು ಕಡೆ, ಉಳುವವನು ಒಂದು ಕಡೆ. 1895ರಲ್ಲಿ ಪೆನ್ನಿಕ್ವಿಕ್ ದೊರೆಯ ಪೆರಿಯಾರ್ ಅಣೆ ಮುಗಿದು, ಬೆಟ್ಟ ಕೊರೆದ ಸುರಂಗದಿಂದ ನೀರು ಗೂಡಲೂರು ಕಡೆಗೆ ಇಳಿದ ಮೇಲೆ ಈ ಕಣಿವೆಯಲ್ಲಿ ಭತ್ತದ ಗದ್ದೆ ಹೆಚ್ಚಿತು. ಕೆಸರು ಗದ್ದೆ ಉಳೋಕೆ ಸಾಧುವಾದ ಜೋಡಿ ಬೇಕು. ಅದಕ್ಕೆ ನಮ್ಮ ದೊಡ್ಡಪ್ಪನಂಥವರ ಕೈಗೆ ಬಿಡುವೇ ಇರಲಿಲ್ಲ.

ಕನ್ನಡ ಸೀಮೆಯಲ್ಲೂ ಇದೇ ಕಥೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತ ಇದ್ದ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ ಅಮೃತ ಮಹಲ್ ಅಂತ ಹೆಸರಿಟ್ಟ. ಅದರ ಎತ್ತುಗಳು ಫಿರಂಗಿ ಎಳೆದವು. ಹೈದರಾಲಿ ಈ ಎತ್ತುಗಳ ಬಲದಿಂದ ಚಿದಂಬರಕ್ಕೆ ಎರಡೂವರೆ ದಿನದಲ್ಲಿ 100 ಮೈಲಿ ಸೇನೆ ನಡೆಸಿದ ಅಂತ ಬರೆದಿಟ್ಟಿದ್ದಾರೆ. ಬೀಜ ಇಲ್ಲದ್ದು ಅಂತ ನಾವು ಹೀಯಾಳಿಸುವ ಎತ್ತು ಹೇಡಿಯೂ ಅಲ್ಲ, ನಿಶ್ಶಕ್ತವೂ ಅಲ್ಲ ಅನ್ನೋದಕ್ಕೆ ಇದು ಸಾಕು.

ಈಗ ಕೆಲಸದ ಬಗೆ ಹೇಳ್ತೀನಿ. ದೊಡ್ಡಪ್ಪನ ಹಳೆಯ ಪದ್ಧತಿ ಹೀಗಿತ್ತು. ಹೋರಿಗೆ ಎರಡು ಹಲ್ಲು ಬಂದಿರಬೇಕು, ಹಿಣಿಲು ಎದ್ದಿರಬೇಕು. ಮಾರ್ಗಳಿ, ತೈ ತಿಂಗಳ ಚಳಿಯಲ್ಲಿ, ನೊಣ ಕಮ್ಮಿ ಇದ್ದಾಗ, ಹಗ್ಗ ಹಾಕಿ ಕೆಡವೋದು. ಚೀಲದ ಮೇಲ್ಗಡೆ, ಬೀಜ ತೂಗುವ ಹುರಿಯನ್ನು ಎರಡು ಕೋಲಿನ ನಡುವೆ ಹಿಡಿದು ಜಜ್ಜೋದು. ಆಮೇಲೆ ಅರಿಸಿನ, ಎಣ್ಣೆ. ಪ್ರಾಣಿಗೆ ನರಕ, ನಿಜ. ಕೆಲವರು ಅವಸರಕ್ಕೆ ಬೀಜವನ್ನೇ ಜಜ್ಜೋರು, ಅದು ಬಾತು ಕೀವಾಗಿ ಹೋರಿ ಸತ್ತದ್ದೂ ಉಂಟು. ದೊಡ್ಡಪ್ಪ ಬೀಜ ಮುಟ್ಟುತ್ತಿರಲಿಲ್ಲ, ಹುರಿ ಮಾತ್ರ. ಅವರ ಹೆಸರು ಬಂದದ್ದೇ ಅದರಿಂದ.

ಆಮೇಲೆ ಸರ್ಕಾರಿ ದನದ ಆಸ್ಪತ್ರೆಗೆ ಇಕ್ಕಳ ಬಂತು. ಇಟಲಿ ದೇಶದ ಪಶುವೈದ್ಯ ಬುರ್ಡಿಜ್ಜೊ ಅನ್ನೋರು ಮಾಡಿದ್ದು, ಅವರ ಹೆಸರೇ ಅದಕ್ಕೆ. ಅದರ ಬಾಯಿ ಮೊಂಡು. ಚರ್ಮ ಕತ್ತರಿಸಲ್ಲ, ರಕ್ತ ಬರಲ್ಲ. ಒಳಗಿನ ಹುರಿಯನ್ನು ಮಾತ್ರ ಅದುಮಿ ಮುರಿಯುತ್ತೆ. ಒಂದೊಂದು ಹುರಿಯನ್ನೂ ಬೇರೆ ಬೇರೆ ಎತ್ತರದಲ್ಲಿ ಹಿಡಿಯಬೇಕು. ಎರಡನ್ನೂ ಒಂದೇ ಸಾಲಿನಲ್ಲಿ ಅದುಮಿದರೆ ಚೀಲಕ್ಕೇ ರಕ್ತ ಹೋಗದೆ ಕೊಳೆಯುತ್ತೆ.

ಇಲ್ಲಿ ನಿಂತು ಒಂದು ವಿಷಯ ನೋಡಿ. ಹುರಿಯಲ್ಲಿ ಏನಿದೆ? ಬೀಜಕ್ಕೆ ರಕ್ತ ತರುವ ನಾಳ, ವಾಪಸು ಒಯ್ಯುವ ನಾಳ, ನರ, ಜೊತೆಗೆ ಬೀಜದಲ್ಲಿ ಆದ ರೇತಸ್ಸಿನ ಕಣಗಳನ್ನು ಹೊರಗೆ ಸಾಗಿಸುವ ಒಂದು ಗಟ್ಟಿ ನಾಳ. ಹುರಿ ಮುರಿದರೆ ಇಷ್ಟೂ ನಿಂತು ಹೋಗುತ್ತೆ. ಬೀಜ ಚೀಲದಲ್ಲೇ ಇರುತ್ತೆ, ಆದರೆ ರಕ್ತ ಇಲ್ಲದೆ ವಾರ ವಾರಕ್ಕೆ ಬತ್ತಿ ಗಂಟಾಗುತ್ತೆ. ಬೀಜ ತೆಗೆದಿಲ್ಲ, ಆದರೂ ಬೀಜ ಸತ್ತಿದೆ. ಇಷ್ಟಾದರೂ ಮೇಲ್ಗಡೆ ನಾಳದಲ್ಲಿ ಮೊದಲೇ ಹೋಗಿ ನಿಂತದ್ದು ಉಳಿದಿರುತ್ತೆ. ಅದಕ್ಕೆ ಹೊಸ ಎತ್ತನ್ನು ಒಂದೆರಡು ತಿಂಗಳು ಹಸುಗಳ ಜೊತೆ ಬಿಡಬೇಡಿ ಅಂತಾರೆ. ಬೀಜ ತೆಗೆದ ಕೂಡಲೇ ಹಾರಿದ ಹೋರಿಯಿಂದ ಹಸು ಗಬ್ಬ ಆದದ್ದನ್ನು ಗ್ರೀಸ್ ದೇಶದ ಅರಿಸ್ಟಾಟಲ್ 2,300 ವರ್ಷದ ಹಿಂದೆಯೇ ಬರೆದಿದ್ದಾನೆ.

ಅಷ್ಟು ಕಂಡವನೂ ಒಂದು ಕಡೆ ಎಡವಿದ. ಬೀಜ ಏನೂ ಮಾಡಲ್ಲ, ನಾಳಗಳನ್ನು ಕೆಳಕ್ಕೆ ಜಗ್ಗಿ ಹಿಡಿಯೋ ಬರೀ ತೂಕ, ಮಗ್ಗದಲ್ಲಿ ಹೆಂಗಸರು ನೂಲಿಗೆ ಕಟ್ಟುವ ಕಲ್ಲಿನ ಹಾಗೆ, ಅಂದುಬಿಟ್ಟ. ಕೆಲಸದ ಫಲ ಕಂಡಿತು, ಅಂಗದ ಗುಟ್ಟು ಕಾಣಲಿಲ್ಲ. ಆ ಗುಟ್ಟು ಬಿಡಿಸೋಕೆ ಎರಡು ಸಾವಿರ ವರ್ಷ ಬೇಕಾಯಿತು. 1677ರಲ್ಲಿ ಹಾಲೆಂಡಿನ ಲೇವನ್‌ಹುಕ್ ಅನ್ನೋ ಬಟ್ಟೆ ವ್ಯಾಪಾರಿ ತಾನೇ ಉಜ್ಜಿದ ಗಾಜಿನಲ್ಲಿ ರೇತಸ್ಸಿನೊಳಗೆ ಬಾಲ ಆಡಿಸುವ ಕಣಗಳನ್ನು ಕಂಡ. 1849ರಲ್ಲಿ ಜರ್ಮನಿಯ ಬರ್ತೋಲ್ಡ್ ಹುಂಜದ ಮರಿಗಳ ಮೇಲೆ ಒಂದು ಪರೀಕ್ಷೆ ಮಾಡಿದ. ಹುಂಜಕ್ಕೆ ಬೀಜ ಹೊಟ್ಟೆಯೊಳಗೇ ಇರೋದು ಕೋಳಿ ಕೊಯ್ದವರಿಗೆಲ್ಲ ಗೊತ್ತು. ಕೆಲವಕ್ಕೆ ಎರಡೂ ಬೀಜ ತೆಗೆದ. ಅವುಗಳ ಜುಟ್ಟು ಸಣ್ಣಗಾಯಿತು, ಕೂಗಲಿಲ್ಲ, ಜಗಳ ಆಡಲಿಲ್ಲ. ಇನ್ನು ಕೆಲವಕ್ಕೆ ತೆಗೆದ ಬೀಜವನ್ನು ಮತ್ತೆ ಹೊಟ್ಟೆಯೊಳಗೆ ಕರುಳಿನ ಮಧ್ಯೆ ಸುಮ್ಮನೆ ಇಟ್ಟ. ಅವು ಹುಂಜಗಳಾಗಿಯೇ ಬೆಳೆದವು, ಕೂಗಿದವು, ಹೇಂಟೆಗಳ ಹಿಂದೆ ಓಡಿದವು. ಆ ಬೀಜಕ್ಕೆ ಹಳೆಯ ನರ ಇಲ್ಲ, ನಾಳ ಇಲ್ಲ. ಸುತ್ತಲಿನ ರಕ್ತ ಮಾತ್ರ ಹರಿದಿತ್ತು. ಅಂದಮೇಲೆ ಬೀಜ ಏನನ್ನೋ ರಕ್ತಕ್ಕೇ ಬಿಡುತ್ತೆ ಅಂತ ಆಯಿತು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಲಾಕ್ವೆರ್ ಅನ್ನೋರ ತಂಡ ಹೋರಿಗಳ ಬೀಜವನ್ನು ರಾಶಿ ರಾಶಿ ಅರೆದು ಅದನ್ನು ಬೇರೆ ತೆಗೆದರು. ನೂರು ಕಿಲೋ ಬೀಜಕ್ಕೆ ಸಿಕ್ಕಿದ್ದು ಹತ್ತು ಮಿಲಿಗ್ರಾಂ. ಟೆಸ್ಟೋಸ್ಟೆರಾನ್ ಅಂತ ಹೆಸರಿಟ್ಟರು.

ಬೀಜಕ್ಕೆ ಎರಡು ಕೆಲಸ ಅನ್ನೋದು ಹೀಗೆ ತಿಳಿಯಿತು. ಒಂದು, ಸಂತಾನದ ಕಣ ಮಾಡಿ ನಾಳಕ್ಕೆ ಬಿಡೋದು. ಇನ್ನೊಂದು, ಗಂಡುತನದ ರಸ ಮಾಡಿ ರಕ್ತಕ್ಕೆ ಬಿಡೋದು. ನಮ್ಮ ಕೆರೆಯನ್ನೇ ನೋಡಿ. ಕೆರೆಗೆ ನೀರು ತರುವ ಕಾಲುವೆ ಉಂಟು, ಗದ್ದೆಗೆ ಬಿಡುವ ತೂಬು ಉಂಟು. ಇದರ ಜೊತೆ ಕೆರೆಯ ನೀರು ನೆಲದೊಳಗೆ ಇಂಗಿ ಸುತ್ತಲಿನ ಬಾವಿಗಳಿಗೂ ಹೋಗುತ್ತೆ, ಅದು ಕಣ್ಣಿಗೆ ಕಾಣಲ್ಲ. ತೂಬು ಮುಚ್ಚಿದರೆ ಗದ್ದೆಗೆ ನೀರಿಲ್ಲ, ಬಾವಿ ತುಂಬಿಯೇ ಇರುತ್ತೆ. ಬರುವ ಕಾಲುವೆಯನ್ನೇ ಒಡೆದರೆ ಕೆರೆ ಬತ್ತಿ ಗದ್ದೆಯೂ ಹೋಯಿತು, ಬಾವಿಯೂ ಹೋಯಿತು. ಕೆರೆಯನ್ನೇ ಅಗೆದು ತೆಗೆದರೂ ಅಷ್ಟೇ. ಗಂಡಸರಿಗೆ ಮಾಡುವ ಕುಟುಂಬ ಯೋಜನೆಯ ಆಪರೇಷನ್ ತೂಬು ಮುಚ್ಚೋದು. ಹೋರಿಗೆ ಹಾಕುವ ಇಕ್ಕಳ ಕಾಲುವೆ ಒಡೆಯೋದು. ಡಾಕ್ಟರು ಬೀಜ ತೆಗೆಯೋದು ಕೆರೆಯನ್ನೇ ತೆಗೆಯೋದು. ಮೂರನ್ನೂ ಒಂದೇ ಅಂದರೆ ಹೇಗೆ?

ಒಂದೇ ಅಂದದ್ದು ನಾನು. ಅದನ್ನು ಈಗ ಹೇಳ್ತೀನಿ.

1971ರ ಜುಲೈನಲ್ಲಿ ನಮ್ಮ ಬೆಟ್ಟದ ಆಚೆ ಕೇರಳದ ಎರ್ನಾಕುಳಂನಲ್ಲಿ ಒಂದೇ ತಿಂಗಳ ಶಿಬಿರದಲ್ಲಿ 60,000ಕ್ಕೂ ಮೇಲೆ ಜನರಿಗೆ ಕುಟುಂಬ ಯೋಜನೆ ಆಪರೇಷನ್ ಮಾಡಿದರು. ಬಹುಪಾಲು ಗಂಡಸರಿಗೇ. ದೇಶದಲ್ಲೆಲ್ಲ ಅದು ದೊಡ್ಡ ಸುದ್ದಿ. ಆಮೇಲೆ 1975ರಲ್ಲಿ ತುರ್ತು ಪರಿಸ್ಥಿತಿ ಬಂತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷ ಆಪರೇಷನ್ ಆಯಿತು, ಅದರಲ್ಲಿ ಸುಮಾರು 62 ಲಕ್ಷ ಗಂಡಸರಿಗೆ. ಬಡಗಣ ದೇಶದಲ್ಲಿ ಎಷ್ಟೋ ಕಡೆ ಬಲವಂತ ನಡೆಯಿತು. ಆ ಸುದ್ದಿ ಇಲ್ಲಿಗೂ ಬಂತು. ಜೀಪು ಕಂಡರೆ ಏಲಕ್ಕಿ ತೋಟಕ್ಕೆ ಓಡಿದ ಗಂಡಸರನ್ನು ನಾನು ಕಂಡಿದ್ದೀನಿ. ‘ಹಿಡಿದುಕೊಂಡು ಹೋಗಿ ಕಾಯಡಿ ಮಾಡ್ತಾರೆ’ ಅನ್ನೋದೇ ಎಲ್ಲರ ಬಾಯಲ್ಲಿ.

ನನಗೆ ಆಗ ಹದಿನೇಳು. ಹಬ್ಬಗಳಲ್ಲಿ ಹಾಡೋಕೆ ಶುರು ಮಾಡಿದ್ದೆ. ಆಪರೇಷನ್ ಮಾಡಿಸಿಕೊಂಡವನು ಮನೆಗೆ ಬಂದರೆ ಹೆಂಡತಿ ಅವನ ಹೆಗಲಿಗೆ ನೊಗ ಕಟ್ಟಿ ಹೊಲಕ್ಕೆ ಅಟ್ಟುತ್ತಾಳೆ ಅಂತ ಒಂದು ಹಾಸ್ಯದ ಹಾಡು ಕಟ್ಟಿದೆ. ಜನ ಬಿದ್ದು ಬಿದ್ದು ನಕ್ಕರು. ಇಪ್ಪತ್ತು ವರ್ಷ ಅದೇ ಹಾಡು ಕೇಳಿ ಕೇಳಿ ಹಾಡಿಸಿದರು. ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕಿದವರು ನಮ್ಮ ದೊಡ್ಡಪ್ಪ. ಆವತ್ತು ಬಸ್ಸಿನಲ್ಲಿ ಅವರು ‘ನನ್ನನ್ನೇ ಎತ್ತು ಮಾಡ್ತಾರಂತೆ’ ಅಂದರಲ್ಲ, ಅದು ನನ್ನ ಹಾಡಿನ ಮಾತು. ಬಲವಂತ ಮಾಡಿದ್ದು ತಪ್ಪು, ಅದರ ಮೇಲೆ ಎಷ್ಟು ಹಾಡಿದರೂ ಸರಿಯೇ. ಆದರೆ ನಾನು ಹಾಡಿದ್ದು ಬಲವಂತದ ಮೇಲಲ್ಲ, ಆಪರೇಷನ್ ಆದವನ ಗಂಡಸ್ತನದ ಮೇಲೆ. ಅದು ಸುಳ್ಳು. ನಾಳ ಕಟ್ಟಿಸಿಕೊಂಡವನ ಬೀಜ ಹಾಗೇ ಇರುತ್ತೆ, ಗಡ್ಡ ಮೀಸೆ, ಬಲ, ಹೆಂಡತಿ ಜೊತೆಗಿನ ಬಾಳು ಎಲ್ಲ ಮೊದಲಿನ ಹಾಗೇ. ನನ್ನ ಹಾಡು ಕೇಳಿ ಎಷ್ಟು ಗಂಡಸರು ತಾವು ಮಾಡಿಸಿಕೊಳ್ಳದೆ ಹೆಂಡಿರನ್ನು ಕಳಿಸಿದರೋ. ಗಂಡಸಿಗಾದರೆ ಕಾಲು ಗಂಟೆಯ ಕೆಲಸ. ಹೆಂಗಸಿಗೆ ಹೊಟ್ಟೆ ಕೊಯ್ಯಬೇಕು.

ಬೀಜ ನಿಜವಾಗಿ ತೆಗೆದರೂ ನಾವು ಹೆದರುವಷ್ಟು ಆಗುತ್ತಾ? ಇದಕ್ಕೆ ಇತಿಹಾಸದಲ್ಲೇ ಉತ್ತರ ಉಂಟು. 1311ರಲ್ಲಿ ಹೊಯ್ಸಳರ ದ್ವಾರಸಮುದ್ರವನ್ನು ಮುತ್ತಿ, ಅದೇ ವರ್ಷ ಮದುರೆಯವರೆಗೂ ಬಂದ ದಿಲ್ಲಿಯ ದಂಡನಾಯಕ ಮಲಿಕ್ ಕಾಫರ್ ನಪುಂಸಕ ಮಾಡಲ್ಪಟ್ಟ ಗುಲಾಮ ಅಂತ ಇತಿಹಾಸದವರು ಹೇಳ್ತಾರೆ. ಅವನು ಮಾಡಿದ ಲೂಟಿಯನ್ನು ನಾನು ಹೊಗಳಲ್ಲ. ಆದರೆ ಎದೆಗಾರಿಕೆ ಇರೋದು ತರಡಿನಲ್ಲಿ ಅಲ್ಲ ಅನ್ನೋದಕ್ಕೆ ನಮ್ಮ ಎರಡು ರಾಜ್ಯಗಳೂ ಸಾಕ್ಷಿ.

ವಯಸ್ಸಿನ ಮಾತೂ ಇದೆ. ಎತ್ತು ಸಾಕಿದವರಿಗೆ ಇದು ಚೆನ್ನಾಗಿ ಗೊತ್ತು. ಎಳೆ ಕರುವಿಗೇ ಬೀಜ ಒಡೆಸಿದರೆ ಕಾಲು ಉದ್ದ, ಕುತ್ತಿಗೆ ಸಣ್ಣ, ಹಿಣಿಲು ಏಳಲ್ಲ. ಮೂರು ವರ್ಷದ ಮೇಲೆ ಒಡೆಸಿದರೆ ಎದ್ದ ಹಿಣಿಲು, ತುಂಬಿದ ಕುತ್ತಿಗೆ ಉಳಿಯುತ್ತೆ, ಪೊಗರು ಮಾತ್ರ ಇಳಿಯುತ್ತೆ. ಮನುಷ್ಯರಲ್ಲೂ ಹಾಗೇ. ನಾನು ಹಾಡುವವನು, ಅದಕ್ಕೆ ಇದನ್ನು ಹೇಳಬೇಕು. ಇಟಲಿ ದೇಶದಲ್ಲಿ ಹೆಣ್ಣುದನಿಯ ಗಾಯಕರು ಬೇಕು ಅಂತ ಗಂಡು ಮಕ್ಕಳಿಗೆ ಸ್ವರ ಒಡೆಯೋ ಮೊದಲೇ ಬೀಜ ತೆಗೆಯುವ ಕೆಟ್ಟ ಪದ್ಧತಿ ನೂರಾರು ವರ್ಷ ನಡೆಯಿತು. ಅಂಥವರಲ್ಲಿ ಕೊನೆಯವರು ಅಲೆಸ್ಸಾಂಡ್ರೊ ಮೊರೆಸ್ಕಿ. 1902ರಲ್ಲಿ, 1904ರಲ್ಲಿ ಅವರ ದನಿಯನ್ನು ಗ್ರಾಮಫೋನ್ ತಟ್ಟೆಗೆ ಹಿಡಿದರು. 1922ರಲ್ಲಿ ತೀರಿಕೊಂಡರು. ಹುಡುಗನಿಗೆ ಮಾಡಿದರೆ ದನಿ ಹುಡುಗನದೇ ಉಳಿಯುತ್ತೆ. ಒಮ್ಮೆ ಒಡೆದು ಗಡಸಾದ ಗಂಡಸಿನ ದನಿ ಬೀಜ ತೆಗೆದರೆ ಮತ್ತೆ ಹೆಣ್ಣುದನಿ ಆಗಲ್ಲ. ಎಪ್ಪತ್ತು ದಾಟಿದ ನಮ್ಮ ದೊಡ್ಡಪ್ಪನಿಗೆ ಕಟ್ಟಿದ ಮನೆ ಕಟ್ಟಿಯೇ ಆಗಿತ್ತು.

ಹಾಗಾದರೆ ಡಾಕ್ಟರು ಅವರ ಬೀಜ ಯಾಕೆ ತೆಗೀಬೇಕು ಅಂದರು? ರೋಗ ಬೀಜದಲ್ಲಿ ಇರಲೇ ಇಲ್ಲವಲ್ಲ. ಇದೇ ನಮಗೆ ಆವತ್ತು ಅರ್ಥ ಆಗದೆ ಹೋದದ್ದು. ಬೀಜ ತೆಗೆದ ಪ್ರಾಣಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಸಣ್ಣದಾಗಿರುತ್ತೆ ಅಂತ ಇಂಗ್ಲೆಂಡಿನ ಜಾನ್ ಹಂಟರ್ 18ನೇ ಶತಮಾನದಲ್ಲೇ ಬರೆದಿದ್ದರು. 1941ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಚಾರ್ಲ್ಸ್ ಹಗಿನ್ಸ್ ಮತ್ತು ಹಾಡ್ಜಸ್ ಅನ್ನೋ ಡಾಕ್ಟರುಗಳು ತೋರಿಸಿದ್ದು ಹೀಗೆ: ಪ್ರಾಸ್ಟೇಟಿನ ಕ್ಯಾನ್ಸರು ಬೆಳೆಯೋದು ಬೀಜದಿಂದ ರಕ್ತಕ್ಕೆ ಬರುವ ರಸ ಕುಡಿದು. ಬೀಜ ತೆಗೆದರೆ ಆ ರೋಗಕ್ಕೆ ಮೇವು ನಿಲ್ಲುತ್ತೆ. ಮೂಳೆ ನೋವಿನಿಂದ ನರಳುತ್ತಿದ್ದ ಎಷ್ಟೋ ಜನಕ್ಕೆ ಕೆಲವೇ ದಿನದಲ್ಲಿ ನೋವು ಇಳಿಯಿತು. ಹಗಿನ್ಸರಿಗೆ 1966ರಲ್ಲಿ ನೊಬೆಲ್ ಬಹುಮಾನ ಬಂತು. ಬಾವಿಯ ಪಕ್ಕ ಬೆಳೆದ ಕಳ್ಳಿಯನ್ನು ಒಣಗಿಸೋಕೆ ಕೆರೆ ನೀರನ್ನೇ ತಡೆದ ಹಾಗೆ. ರೋಗ ಬೇರು ಸಮೇತ ಹೋಗಲ್ಲ, ಎಷ್ಟೋ ಸಲ ವರ್ಷಗಳ ಮೇಲೆ ಮತ್ತೆ ತಲೆ ಎತ್ತುತ್ತೆ. ಆದರೆ ನಡುವಿನ ವರ್ಷಗಳು ಮನುಷ್ಯನ ವರ್ಷಗಳು, ಗೋಡೆಗೆ ಒರಗಿ ಕಳೆದ ರಾತ್ರಿಗಳಲ್ಲ.

ಇದಕ್ಕೆ ಬೆಲೆ ಇಲ್ಲ ಅಂತಲ್ಲ. ಮೈಗೆ ಝಳ ಹತ್ತಿ ಬೆವರುತ್ತೆ, ಆಸೆ ಕಮ್ಮಿ ಆಗುತ್ತೆ, ಮೂಳೆ ಮೆಲ್ಲಗೆ ಸೊರಗುತ್ತೆ. ಅದನ್ನೂ ಬಿಚ್ಚಿ ಹೇಳಬೇಕು. ಬೇರೆ ದಾರಿಯೂ ಇದೆ. ಬೀಜವನ್ನು ತೆಗೆಯದೆ, ರಸ ಮಾಡೋದನ್ನು ಮಾತ್ರ ನಿಲ್ಲಿಸುವ ಚುಚ್ಚುಮದ್ದು ಬಂದು ಬಹಳ ವರ್ಷ ಆಯಿತು. ತಿಂಗಳಿಗೋ ಮೂರು ತಿಂಗಳಿಗೋ ಹಾಕ್ತಾರೆ, ಖರ್ಚು ಜಾಸ್ತಿ. ಇನ್ನೊಂದು ಬಗೆಯ ಆಪರೇಷನ್ನಿನಲ್ಲಿ ಬೀಜದ ಒಳಗಿನ ತಿರುಳು ಮಾತ್ರ ತೆಗೆದು ಹೊರಗಿನ ಸಿಪ್ಪೆ ಹಾಗೇ ಬಿಡ್ತಾರೆ, ಚೀಲ ಖಾಲಿ ಕಾಣಲ್ಲ. ಯಾರಾದರೂ ನಮ್ಮ ದೊಡ್ಡಪ್ಪನ ಪಕ್ಕ ಹತ್ತು ನಿಮಿಷ ಕೂತು ಇಷ್ಟು ಹೇಳಿದ್ದರೆ! ಹುರಿ ಯಾವುದು, ಬೀಜ ಯಾವುದು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವರಿಗೆ ಅರ್ಥ ಆಗ್ತಿತ್ತು.

ಬೀಜದಲ್ಲೇ ರೋಗ ಬರುವ ಮಾತನ್ನೂ ಹುಡುಗರಿಗಾಗಿ ಎರಡು ಸಾಲು ಬರೀತೀನಿ. ಹರೆಯದ ಹುಡುಗರಿಗೆ ಬೀಜದಲ್ಲಿ ನೋವಿಲ್ಲದ ಗಟ್ಟಿ ಗಂಟು ಬಂದರೆ ಸುಮ್ಮನಿರಬಾರದು, ಕ್ಯಾನ್ಸರ್ ಇರಬಹುದು. ಬೇಗ ತೋರಿಸಿದರೆ ಬಹುಮಟ್ಟಿಗೆ ವಾಸಿ ಆಗುವಂಥದ್ದು. ಆ ಒಂದು ಬೀಜ ತೆಗೀತಾರೆ, ಇನ್ನೊಂದು ಚೆನ್ನಾಗಿದ್ದರೆ ಎರಡು ಕೆಲಸವನ್ನೂ ಅದೇ ನಡೆಸುತ್ತೆ. ಇದ್ದಕ್ಕಿದ್ದ ಹಾಗೆ ಒಂದು ಕಡೆ ತಡೆಯಲಾರದ ನೋವು ಬಂದು ಬಾತರೆ ಹುರಿ ತಿರುಚಿಕೊಂಡಿರಬಹುದು. ಇಕ್ಕಳ ಇಲ್ಲದೆಯೇ ಇಕ್ಕಳ ಬಿದ್ದ ಹಾಗೆ. ಆರು ಗಂಟೆಯೊಳಗೆ ಬಿಡಿಸಿದರೆ ಬೀಜ ಉಳಿಯುತ್ತೆ. ನಾಚಿಕೊಂಡು ಬೆಳಗಾಗಲಿ ಅಂದರೆ ಬೀಜ ಹೋಗುತ್ತೆ. ನಮ್ಮ ಬೀದಿಯ ಒಬ್ಬ ಹುಡುಗನಿಗೆ ಹೀಗೇ ಆಯಿತು. ಅಮ್ಮನ ಹತ್ತಿರ ಹೇಳೋಕೆ ನಾಚಿಕೆ, ಅಷ್ಟೇ ಕಾರಣ. ಚೀಲಕ್ಕೆ ನೀರು ತುಂಬಿದ್ದಕ್ಕೆ ಮಾಡುವ ಆಪರೇಷನ್ನಿನಲ್ಲಂತೂ ನೀರು ತೆಗೀತಾರೆ, ಬೀಜ ಅಲ್ಲ. ವರ್ಷಗಟ್ಟಲೆ ಅದನ್ನು ಹೊತ್ತು ನಡೆಯುವ ಮುದುಕರು ಈ ಒಂದು ಮಾತು ತಿಳಿದರೆ ಸಾಕು.

ಕೊನೆಗೆ ದನದ ಮಾತಿಗೇ ಬಂದು ಮುಗಿಸ್ತೀನಿ. ಕುರಿ ಮೇಯಿಸುವವರಿಗೆ ಒಂದು ವಿಷಯ ಗೊತ್ತು. ಕೆಲವು ಟಗರುಗಳಿಗೆ ಒಂದು ಬೀಜ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೇ ನಿಂತಿರುತ್ತೆ. ಕಾಣುವ ಬೀಜ ತೆಗೆದರೂ ಅದು ಟಗರಿನ ಹಾಗೇ ಗುದ್ದುತ್ತೆ, ಹಾರುತ್ತೆ. ಕಣ್ಣಿಗೆ ಬೀಜ ಇಲ್ಲ, ಮೈಯಲ್ಲಿ ಇದೆ. ಇಕ್ಕಳ ಹಾಕಿದ ಎತ್ತಿಗೆ ಕಣ್ಣಿಗೆ ಚೀಲ ಇದೆ, ಒಳಗೆ ಬೀಜ ಇಲ್ಲ. ಹೊರಗೆ ಕಂಡದ್ದನ್ನು ನೋಡಿ ತೀರ್ಪು ಹೇಳಬಾರದು ಅನ್ನೋದನ್ನು ನಮ್ಮ ದನ ಕುರಿಗಳೇ ನಮಗೆ ಕಲಿಸಿವೆ. ನಾವು ಕಲಿಯಲಿಲ್ಲ.

ಈಗ ಗೂಡಲೂರಿನಲ್ಲಿ ಟ್ರ್ಯಾಕ್ಟರು ಉಳುತ್ತೆ. ಬೀಜ ಒಡೆಯೋ ಕೋಲುಗಳು ನಮ್ಮ ಅಟ್ಟದ ಮೇಲಿವೆ. ಆ ಹಳೆಯ ಹಾಡನ್ನು ನಾನು ದೊಡ್ಡಪ್ಪ ಹೋದ ವರ್ಷವೇ ಬಿಟ್ಟೆ. ಹೋದ ತೈ ಹಬ್ಬದಲ್ಲಿ ಯಾರೋ ಕೇಳಿದರು, ಹಾಡಲಿಲ್ಲ. ಯಾಕೆ ಅಂತ ಕೇಳಿದರು. ಅದಕ್ಕೆ ಉತ್ತರ ಇದು. ನಿಮ್ಮ ಮನೆಯ ಗಂಡಸರಿಗೆ ಡಾಕ್ಟರು ಈ ಜಾಗದ ಆಪರೇಷನ್ ಅಂತ ಹೇಳಿದರೆ ಎದ್ದು ಬಸ್ಸು ಹತ್ತಬೇಡಿ. ಮೂರು ಮಾತು ಕೇಳಿ: ರೋಗ ಇರೋದು ಎಲ್ಲಿ? ನೀವು ಮುಟ್ಟೋದು ನಾಳವನ್ನೋ, ಚೀಲವನ್ನೋ, ಬೀಜವನ್ನೋ? ಬೀಜವೇ ಆದರೆ ಒಂದೋ ಎರಡೋ, ಬೇರೆ ದಾರಿ ಉಂಟೋ? ಹೇಳದಿದ್ದರೆ ಹೇಳುವ ತನಕ ಕೂತಿರಿ. ಪಕ್ಕದಲ್ಲಿ ಕೂತ ಮಗನೋ ತಮ್ಮನೋ ಕೇಳಲಿ. ನಾನು ಆವತ್ತು ಪಕ್ಕದಲ್ಲೇ ಇದ್ದೆ, ಕೇಳಲಿಲ್ಲ.